ಆಫ್ರಿಕಾದ ಗೇರುಬೀಜ ಸಮುದ್ರ ದಾಟ್ಲಿಕ್ಕೆ 27 ದಿನ, ಪೋರ್ಟಲ್ಲಿ ಕೂತದ್ದು 46 ದಿನ. ಎಂತ ಕತೆ ಇದು?

ಬೀಜದಂಗಡಿ_ಕಾರ್ಕಳ
ಎಲ್ಲರಿಗೂ ನಮಸ್ಕಾರ. ನಮ್ದು ಕಾರ್ಕಳದ ಹತ್ರ ಸಣ್ಣ ಗೇರುಬೀಜ ಫ್ಯಾಕ್ಟರಿ, ಅಪ್ಪ ಶುರು ಮಾಡಿದ್ದು. ಊರಿನ ಬೀಜ ಎರಡು ಮೂರು ತಿಂಗಳಲ್ಲಿ ಮುಗೀತದೆ, ಮತ್ತೆ ವರ್ಷಪೂರ್ತಿ ಹೆಂಗಸರಿಗೆ ಕೆಲಸ ಕೊಡ್ಬೇಕಾದ್ರೆ ಆಫ್ರಿಕಾದ ಬೀಜವೇ ಗತಿ. ಇಷ್ಟು ವರ್ಷ ದೊಡ್ಡ ಪಾರ್ಟಿಗಳು ತರಿಸಿದ್ದನ್ನು ಇಲ್ಲಿಯೇ ತಗೊಳ್ತಿದ್ದೆವು, ಈ ಸಲ ಧೈರ್ಯ ಮಾಡಿ ನಾವೇ ಪಶ್ಚಿಮ ಆಫ್ರಿಕಾದಿಂದ ಎರಡು ಕಂಟೇನರ್ ತರಿಸಿದ್ದು. 35 ದಿನದಲ್ಲಿ ನಿಮ್ಮ ಗೋಡೌನಲ್ಲಿ ಉಂಟು ಅಂತ ಹೇಳಿದ್ರು.

ಆದದ್ದು ಹೇಳ್ತೇನೆ. ಅಲ್ಲಿಯ ಯಾರ್ಡಲ್ಲಿ ಹಡಗು ಹತ್ತುವ ಮೊದಲೇ 16 ದಿನ. ನಡುವೆ ಒಂದು ಹಬ್ ಪೋರ್ಟಲ್ಲಿ ಇಳಿಸಿ ಬೇರೆ ಹಡಗಿಗೆ ಹಾಕ್ಲಿಕ್ಕೆ 19 ದಿನ. ಈಗ ಇಲ್ಲಿ ಬಂದು 11 ದಿನ ಆಯ್ತು, ಇನ್ನೂ ಕೈಗೆ ಸಿಗ್ಲಿಲ್ಲ. ಹಡಗು ನಿಜವಾಗಿ ನೀರಲ್ಲಿ ಓಡಿದ್ದು 27 ದಿನ ಮಾತ್ರ. ಮೊದಲೇ ಮಳೆ ಶುರುವಾಗಿದೆ, ಒಳಗೆ ಬೀಜ ಬೆವರಿ ಬೂಸ್ಟು ಹಿಡಿದ್ರೆ ಔಟ್‌ಟರ್ನ್ (ಬೀಜದಿಂದ ಸಿಗುವ ಒಳ್ಳೆ ತಿರುಳಿನ ಲೆಕ್ಕ) ಪೂರಾ ಹೋಯ್ತು. ನನ್ನ ಪ್ರಶ್ನೆ ಇಷ್ಟೇ, ಈ ಬಡ ದೇಶಗಳ ಪೋರ್ಟಲ್ಲಿ ಸಾಮಾನು ಇಷ್ಟು ದಿನ ಯಾಕೆ ಕೂರ್ತದೆ? ಕ್ರೇನ್ ಇಲ್ವಾ, ಜನ ಇಲ್ವಾ, ಅಥವಾ ಲಂಚವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕ್ಲಿಯರಿಂಗ್_ಭಟ್ರು
ಮಾರಾಯ್ರೆ ಆಫ್ರಿಕಾ ಆಮೇಲೆ ನೋಡುವ, ಮೊದಲು ಇಲ್ಲಿಯ 11 ದಿನದ ಲೆಕ್ಕ ಹೇಳಿ. ಬಿಲ್ ಆಫ್ ಎಂಟ್ರಿ, ಅಂದ್ರೆ ಕಸ್ಟಮ್ಸಿಗೆ ಕೊಡುವ ಆಮದು ಪತ್ರ, ಯಾವಾಗ ಹಾಕಿದ್ದು? ಒರಿಜಿನಲ್ ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಮಾಲಿನ ರಸೀದಿ) ಕೈಯಲ್ಲಿ ಉಂಟಾ ಬ್ಯಾಂಕಲ್ಲಿ ಉಂಟಾ? ಫೈಟೋ ಸರ್ಟಿಫಿಕೇಟ್ (ಬೀಜಕ್ಕೆ ರೋಗ ಕೀಟ ಇಲ್ಲ ಅಂತ), ಫ್ಯೂಮಿಗೇಶನ್ ಸರ್ಟಿಫಿಕೇಟ್ (ಹುಳಕ್ಕೆ ಗ್ಯಾಸ್ ಹಾಕಿದ್ದು ಅಂತ) ಎರಡರಲ್ಲೂ ಕಂಟೇನರ್ ನಂಬರ್ ಒಂದೇ ಉಂಟಾ?

ಕೇಳ್ಲಿಕ್ಕೆ ಕಾರಣ ಉಂಟು. 2021ರಿಂದ ರೂಲ್ ಹೇಗೆ ಅಂದ್ರೆ ಹಡಗು ಬರುವ ಹಿಂದಿನ ದಿನವೇ ಬಿಲ್ ಆಫ್ ಎಂಟ್ರಿ ಬಿದ್ದಿರಬೇಕು, ತಡವಾದ್ರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಇದು ಕಸ್ಟಮ್ಸಿಗೆ. ಪೋರ್ಟಿನವರ ಗ್ರೌಂಡ್ ರೆಂಟ್ ಬೇರೆ, ಶಿಪ್ಪಿಂಗ್ ಲೈನಿನವರ ಡಿಟೆನ್ಷನ್ (ಅವರ ಕಂಟೇನರ್ ತಡ ಮಾಡಿದ್ದಕ್ಕೆ ದಂಡ) ಬೇರೆ, ಅದು ಡಾಲರಲ್ಲಿ ಓಡ್ತದೆ. ಮೂರು ಮೀಟರ್ ಒಟ್ಟಿಗೆ ಓಡುವಾಗ ಪಾರ್ಟಿ ನನಗೆ ಫೋನ್ ಮಾಡಿ ಕ್ರೇನ್ ಹಾಳಾಗಿದೆಯಾ ಭಟ್ರೆ ಅಂತ ಕೇಳುದು. ಕ್ರೇನ್ ಕಂಟೇನರನ್ನು ಹಡಗಿನಿಂದ ಇಳಿಸ್ಲಿಕ್ಕೆ ಎರಡು ಮೂರು ನಿಮಿಷ ಸಾಕು.

ಬೀಜದಂಗಡಿ_ಕಾರ್ಕಳ
ಭಟ್ರೆ ನಿಮಗೆ ಯಾರು ಹೇಳಿದ್ದು 😅 ಬಿಲ್ ಎರಡು ದಿನ ತಡವಾಗಿ ಹಾಕಿದ್ದು. ಬಿಎಲ್ ಬ್ಯಾಂಕಿಗೆ ಬಂದದ್ದು ಹಡಗು ಬಂದು ನಾಲ್ಕು ದಿನ ಆದ ಮೇಲೆ. ಮತ್ತೆ ಫ್ಯೂಮಿಗೇಶನ್ ಸರ್ಟಿಫಿಕೇಟಲ್ಲಿ ಒಂದು ಕಂಟೇನರಿನ ಒಂದು ಅಂಕೆ ತಪ್ಪು, ಅವ್ರು ಅಲ್ಲಿಂದ ತಿದ್ದಿ ಕಳಿಸ್ಬೇಕು, ಅಲ್ಲಿ ಏನೋ ರಜೆ ಅಂತೆ.

ಕ್ಲಿಯರಿಂಗ್_ಭಟ್ರು
ಅದೇ. ಎರಡೂ ಕಂಟೇನರ್ ಒಂದೇ ಬಿಎಲ್‌ನಲ್ಲಿ ಉಂಟು ಅಂತ ಕಾಣ್ತದೆ, ಅದಕ್ಕೆ ಸರಿ ಇದ್ದದ್ದೂ ಒಟ್ಟಿಗೆ ಕೂತದ್ದು. ಮುಂದಿನ ಸಲ ಎರಡು ಬಿಎಲ್ ಮಾಡಿಸಿ. ಮತ್ತೆ ಲೋಡ್ ಆದ ದಿನವೇ ಎಲ್ಲ ಪೇಪರಿನ ಡ್ರಾಫ್ಟ್ ವಾಟ್ಸಾಪಲ್ಲಿ ತರಿಸಿ ಒಂದೊಂದು ಅಂಕೆ ಓದಿ, ಹಡಗಿನಲ್ಲಿ ತಿಂಗಳು ಇರ್ತದಲ್ಲ, ತಿದ್ಲಿಕ್ಕೆ ಬೇಕಾದಷ್ಟು ಟೈಮ್ ಉಂಟು.

ದಾರ್‌ದಾಗಿನ_ಧಾರವಾಡಿ
ನಮಸ್ಕಾರ್ರಿ. ನಾ ಎಂಟು ವರ್ಷದಿಂದ ದಾರ್ ಎಸ್ ಸಲಾಮ್‌ದಾಗ ಸರಕು ಸಾಗಣೆ ಕೆಲಸದಾಗ ಇದೀನಿ. ನಿಮ್ಮ ಮಾಲು ಪಶ್ಚಿಮದ್ದು, ನಾ ಇರೋದು ಪೂರ್ವದಾಗ, ಆದ್ರ ಕತಿ ಭಾಳ ಫರಕ್ ಇಲ್ರಿ.

ಒಂದು ಮಾತು ತಿಳ್ಕೋರಿ, ದಾರ್ ಬಂದರ ಬರೇ ತಾಂಜಾನಿಯಾಕ್ಕ ಅಲ್ಲ. ಜಾಂಬಿಯಾ, ಕಾಂಗೋ, ರುವಾಂಡಾ, ಬುರುಂಡಿ, ಮಲಾವಿ ಇಷ್ಟೂ ದೇಶದ ಸಾಮಾನು ಇಲ್ಲೇ ಇಳೀತದ, ಕಾಂಗೋದ ತಾಮ್ರ ಇಲ್ಲೇ ಹತ್ತತದ. ಆ ಲಾರಿಗೋಳು ಜಾಂಬಿಯಾ ಗಡಿ ತುಂಡುಮಾ ಮುಟ್ಟಿ ಅಲ್ಲಿ ಕಿಲೋಮೀಟರ್‌ಗಟ್ಟಲೆ ಸಾಲು ಹಚ್ಚಿ ನಿಂತಾವಂದ್ರ ವಾಪಸ್ ಬರೂದು ಲೇಟು, ವಾಪಸ್ ಬರ್ಲಿಲ್ಲಂದ್ರ ಬಂದರದಾಗ ಇದ್ದ ಡಬ್ಬಿ, ಅಂದ್ರ ಕಂಟೇನರ್, ಒಯ್ಯಾಕ ಗಾಡಿ ಇಲ್ಲ, ಡಬ್ಬಿ ಹೋಗ್ಲಿಲ್ಲಂದ್ರ ಯಾರ್ಡ್ ತುಂಬಿತು, ಯಾರ್ಡ್ ತುಂಬಿದ್ರ ಹೊಸಾ ಹಡಗಿನಿಂದ ಇಳಿಸಾಕ ಜಾಗಾ ಇಲ್ಲ. ಗಂಟು ಬಿದ್ದಿದ್ದು ಸಾವಿರ ಕಿಲೋಮೀಟರ್ ಆಚೆ ಗಡಿಯಾಗ, ನಿಂತಿದ್ದು ಮಾತ್ರ ಸಮುದ್ರದಾಗ ಹಡಗು. ಚೀನಾದವ್ರು 1970ರಿಂದ 75ರ ತನಕ ಜಾಂಬಿಯಾಕ್ಕ ಉದ್ದಕ ರೈಲು ಹಾಕಿ ಕೊಟ್ಟಾರ, ತಝಾರಾ ಅಂತ, ಅದು ಚಲೋ ಓಡಿದ್ರ ಇಷ್ಟು ಲಾರಿ ಯಾಕ ಬೇಕಿತ್ತು. ಎಂಜಿನ್ ಇಲ್ಲ, ಹಳಿ ಸರಿ ಇಲ್ಲ, ಬಾಡಿತು.

ಇನ್ನ ಗೋಡಂಬಿ ವಿಚಾರ. ಇಲ್ಲಿ ಸುಗ್ಗಿ ಅಕ್ಟೋಬರ್‌ನಿಂದ. 2018ರಾಗ ವ್ಯಾಪಾರಸ್ಥರು ಕಡಿಮಿ ರೇಟ್ ಹೇಳ್ತಾರಂತ ಆಗಿನ ಅಧ್ಯಕ್ಷ ಮಗುಫುಲಿ ಸಿಟ್ಟಾಗಿ ಪೂರ್ತಿ ಬೆಳಿ ಸರ್ಕಾರನ ಕೆ.ಜಿ.ಗೆ 3,300 ಶಿಲ್ಲಿಂಗ್ ಕೊಟ್ಟು ತಗೊಳ್ತದ ಅಂದ್ರು, ಮಿಲಿಟರಿ ಲಾರಿ ಕಳಿಸಿದ್ರು. ರೈತರಿಗೆ ಖುಷಿ ಆತು, ಆದ್ರ ಮಾಲು ತಿಂಗಳಗಟ್ಟಲೆ ಗೋದಾಮಿನ್ಯಾಗ ಕುಂತು ಬಿಡ್ತು, ಮಾರೋರು ಯಾರು? ಹಡಗು ಇತ್ತು, ಬಂದರ ಇತ್ತು, ಕಾಗದದ ಮ್ಯಾಲಿನ ಒಂದು ಆರ್ಡರ್ ಇಷ್ಟಕ್ಕ ಕಾರಣ. ಮಗುಫುಲಿ ತಪ್ಪು ಅಂತ ನಾ ಹೇಳಂಗಿಲ್ಲ ಮತ್ತ, ರೈತನ ಹೊಟ್ಟಿ ಉರಿ ನೋಡಿದವ್ರಿಗೆ ಗೊತ್ತು.

ಹಾಂ ಇನ್ನೊಂದು, ಸುಗ್ಗಿ ಟೈಮಿಗೆ ಖಾಲಿ ಡಬ್ಬಿ ಸಿಗಂಗಿಲ್ರಿ. ಎಲ್ಲಾರಿಗೂ ಒಮ್ಮೆಲೇ ಬೇಕು. ನಿಮ್ಮ 16 ದಿನದಾಗ ಅದೂ ಇರಬಹುದು.

ಅಂಕಿಅಂಶ_ರಾಯ
ನಾನು ಬಿಸಿನೆಸ್ ಮಾಡೋನಲ್ಲ, ಎಂಎ ಟೈಮಲ್ಲಿ ಈ ಟಾಪಿಕ್ ಮೇಲೆ ಡಿಸರ್ಟೇಶನ್ ಬರ್ದಿದ್ದೆ ಅದಕ್ಕೆ ಬಾಯಿ ಹಾಕ್ತಿದೀನಿ, ಉದ್ದ ಆಗುತ್ತೆ ಕ್ಷಮಿಸಿ.

2012ರಲ್ಲಿ ವಿಶ್ವಬ್ಯಾಂಕ್‌ನೋರು ಸಹಾರಾದ ಕೆಳಗಿನ ಆಫ್ರಿಕಾದ ಬಂದರುಗಳನ್ನ ಇಟ್ಕೊಂಡು ಇದೇ ಪ್ರಶ್ನೆ ಕೇಳಿದ್ರು. ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತೆ ಮಾರಿಷಸ್ ಬಿಟ್ರೆ ಮಿಕ್ಕ ಕಡೆ ಸಾಮಾನು ಸರಾಸರಿ ಸುಮಾರು 20 ದಿನ ಬಂದರಲ್ಲೇ ಇರುತ್ತೆ, ಡರ್ಬನ್‌ನಲ್ಲಿ ಆಗ 4 ದಿನದ ಆಸುಪಾಸು. ಎಲ್ರೂ ಅಂದ್ಕೊಂಡಿದ್ದು ಕ್ರೇನ್ ಹಾಕಿ, ಹಡಗು ನಿಲ್ಲೋ ಬರ್ತ್ ಕಟ್ಟಿ, ಕಂಪ್ಯೂಟರ್ ಕೊಡಿ, ಸರಿಹೋಗುತ್ತೆ ಅಂತ. ಅವ್ರು ಕಂಡಿದ್ದೇನಂದ್ರೆ ಆ 20 ದಿನದಲ್ಲಿ ಬಹುಪಾಲು ದಿನ ಡಬ್ಬಕ್ಕೆ ಯಾರೂ ಏನೂ ಮಾಡ್ತಾನೇ ಇರಲ್ಲ, ಸುಮ್ನೆ ಬಿದ್ದಿರುತ್ತೆ. ಯಾಕೆ ಅಂದ್ರೆ ಎಷ್ಟೋ ಆಮದುದಾರರಿಗೆ ಅದು ಅಲ್ಲೇ ಬಿದ್ದಿರೋದೇ ಬೇಕು! ಕ್ಯಾಮರೂನಿನ ದುವಾಲಾ ಊರಲ್ಲಿ ಹೊರಗಡೆ ಗೋಡೌನ್ ಬಾಡಿಗೆಗಿಂತ ಬಂದರಲ್ಲಿ ಇಟ್ಕೊಳ್ಳೋದೇ ಎಷ್ಟೋ ದಿನದ ತನಕ ಅಗ್ಗ. ಡ್ಯೂಟಿ ಕಟ್ಟೋಕೆ ಕೈಯಲ್ಲಿ ದುಡ್ಡಿರಲ್ಲ, ಗಿರಾಕಿ ಸಿಕ್ಕಿ ಅಡ್ವಾನ್ಸ್ ಕೊಟ್ಮೇಲೆ ಬಿಡಿಸ್ಕೊಳ್ತಾರೆ, ಅಲ್ಲೀವರೆಗೂ ಬಂದರೇ ಗೋಡೌನು.

ಇದಕ್ಕಿಂತ ಮಜಾ ಇರೋದು ಮುಂದೆ. ಮಾರ್ಕೆಟ್ಟಲ್ಲಿ ಇಬ್ರೋ ಮೂವರೋ ದೊಡ್ಡೋರಿದ್ದಾಗ ಅವ್ರಿಗೆ ತಡ ಆಗೋದ್ರಿಂದ ನಷ್ಟ ಇಲ್ಲ, ಆ ಖರ್ಚನ್ನ ಬೆಲೆ ಮೇಲೆ ಹಾಕಿ ನಮ್ ತಲೆಗೇ ಕಟ್ತಾರೆ. ಜೊತೆಗೆ ಹೊಸದಾಗಿ ಕಾರ್ಕಳದಿಂದ ಒಬ್ರು ಎರಡು ಕಂಟೇನರ್ ತರಿಸ್ತೀನಿ ಅಂತ ಹೊರಟ್ರೆ ಒಂದೇ ಸಲಕ್ಕೆ ಕೈ ಸುಟ್ಕೊಂಡು ವಾಪಸ್ ಅವ್ರ ಹತ್ರಾನೇ ಕೊಂಡ್ಕೊಳ್ಳೋಕೆ ಬರ್ತಾರೆ. ತಡ ಅನ್ನೋದು ಅವ್ರಿಗೆ ಒಂಥರಾ ಬೇಲಿ. ಪಿತೂರಿ ಅಂತಲ್ಲ, ಆದ್ರೆ ಬೇಗ ಆಗ್ಲಿ ಅಂತ ಗಲಾಟೆ ಮಾಡ್ಬೇಕಾದ ದೊಡ್ಡ ಜನ ಗಲಾಟೆ ಮಾಡಲ್ಲ.

ತಡದಿಂದ ದುಡ್ಡು ಮಾಡೋದಕ್ಕೆ ಕ್ಲಾಸಿಕ್ ಅಂದ್ರೆ 1975ರ ಲೇಗೋಸ್. ನೈಜೀರಿಯಾದಲ್ಲಿ ಎಣ್ಣೆ ದುಡ್ಡು ಹರೀತಿತ್ತು, ಜನರಲ್ ಗೋವನ್ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟ್ ಆರ್ಡರ್ ಮಾಡ್ತು, ಲೇಗೋಸ್ ಬಂದರಿನ ಕೈಲಿ ವರ್ಷಕ್ಕೆ ಇಳಿಸೋಕಾಗ್ತಿದ್ದ ಸಿಮೆಂಟು 10 ಲಕ್ಷ ಟನ್. ಲೆಕ್ಕ ಹಾಕ್ಕೊಳ್ಳಿ. 400ಕ್ಕೂ ಹೆಚ್ಚು ಹಡಗು ಹೊರಗೆ ಲಂಗರು ಹಾಕಿ ಕಾಯ್ತಾ ಕೂತ್ವು. ಕಾಯಿಸಿದ್ದಕ್ಕೆ ದಿನದ ಲೆಕ್ಕದಲ್ಲಿ ಡೆಮರೇಜ್ ಸರ್ಕಾರವೇ ಕೊಡ್ಬೇಕು ಅಂತ ಕರಾರು, ಹಾಗಾಗಿ ಗುಜರಿಗೆ ಹೋಗ್ಬೇಕಾದ ಹಡಗುಗಳಿಗೂ ಸಿಮೆಂಟ್ ತುಂಬಿ ಅಲ್ಲಿಗೆ ಓಡಿಸಿದ್ರು, ನಿಂತಷ್ಟು ದಿನ ಸಂಪಾದನೆ. ಸಿಮೆಂಟು ಹಡಗಲ್ಲೇ ಗಟ್ಟಿಯಾಗ್ತಿತ್ತು. ಅದೇ ವರ್ಷ ಜುಲೈನಲ್ಲಿ ಗೋವನ್‌ನ ಇಳಿಸಿದ್ರು.

ನಾಲ್ಕನೇ_ಇಂಜಿನಿಯರ್
@ಅಂಕಿಅಂಶ_ರಾಯ ಸಾರ್ ಎಲ್ಲ ಸರಿ, ಆದ್ರೆ ಕ್ರೇನ್‌ದು ತಪ್ಪೇ ಇಲ್ಲ ಅನ್ನೋ ಹಾಗೆ ಬರೀಬೇಡಿ. ನಾನು ಮರ್ಚಂಟ್ ನೇವಿ, ನೀವು ಹೊಗಳಿದ ಅದೇ ಡರ್ಬನ್ ಹೊರಗೆ 2023ರ ಕೊನೇಲಿ ನಾವೂ ಸಾಲಲ್ಲಿ ನಿಂತಿದ್ವಿ, ಹತ್ತಾರು ಹಡಗು. ಕಾರಣ ಹಳೇ ಕ್ರೇನು, ಹಳೇ ಸ್ಟ್ರಾಡಲ್ ಕ್ಯಾರಿಯರ್ (ಡಬ್ಬ ಎತ್ಕೊಂಡು ಯಾರ್ಡಲ್ಲಿ ಓಡಾಡೋ ಗಾಡಿ), ಕೆಟ್ರೆ ಸ್ಪೇರ್ ಇಲ್ಲ, ಮೇಲಿಂದ ಗಾಳಿ. ಬಂದರುಗಳ ಕೆಲಸ ಅಳೆಯೋ ಆ ವರ್ಷದ ವಿಶ್ವಬ್ಯಾಂಕ್ ಪಟ್ಟೀಲಿ 405 ಕಂಟೇನರ್ ಬಂದರುಗಳಲ್ಲಿ ಕೇಪ್‌ಟೌನ್ 405ನೇದು. ಹತ್ತು ವರ್ಷ ಮೆಂಟೆನೆನ್ಸ್ ಮಾಡದಿದ್ರೆ ಒಳ್ಳೇ ಪೋರ್ಟೂ ಹಾಳಾಗುತ್ತೆ.

ಕೆಲವು ಕಡೆ ದೇವರೇ ಅಡ್ಡ. ಬಾಂಗ್ಲಾದೇಶದ ಚಟ್ಟೋಗ್ರಾಮ್ ನೋಡಿ, ಪೋರ್ಟ್ ಇರೋದು ಕರ್ಣಫುಲಿ ನದಿ ಒಳಗೆ. ಭರತ ಬಂದಾಗ ಮಾತ್ರ ಒಳಗೆ ಹೋಗ್ಬೇಕು, ತಪ್ಪಿದ್ರೆ ಮುಂದಿನ ಭರತಕ್ಕೆ ಕಾಯ್ಬೇಕು, ದೊಡ್ಡ ಹಡಗು ಹೋಗೋದೇ ಇಲ್ಲ. ಹಾಗಾಗಿ ಅವ್ರ ಗಾರ್ಮೆಂಟ್ಸ್ ಬಹುಪಾಲು ಸಣ್ಣ ಫೀಡರ್ ಹಡಗಲ್ಲಿ ಕೊಲಂಬೋಗೋ ಸಿಂಗಾಪುರಕ್ಕೋ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತೆ. ಬೀಜದಂಗಡಿಯವ್ರೆ, ನಿಮ್ಮ 19 ದಿನದ ಹಬ್ ಕತೆನೂ ಇದೇ ಜಾತಿ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾದ ದಕ್ಷಿಣದ ತುದಿ ಕೇಪ್ ಸುತ್ಕೊಂಡು ಹೋಗೋ ಹಾಗಾಯ್ತಲ್ಲ, ಆಮೇಲೆ ಹಬ್ ಪೋರ್ಟುಗಳ ಟೈಮ್‌ಟೇಬಲ್ಲೇ ಚಿಂದಿ. ಫೀಡರ್ ಹಡಗಲ್ಲಿ ಜಾಗ ಕಮ್ಮಿ ಇದ್ರೆ ಎರಡು ಡಬ್ಬದ ಪಾರ್ಟಿನ ಇಳಿಸಿ ಇನ್ನೂರು ಡಬ್ಬದ ಪಾರ್ಟಿನ ಹತ್ತಿಸ್ತಾರೆ. ಬಸ್‌ಸ್ಟ್ಯಾಂಡಲ್ಲಿ ಮುಂದಿನ ಬಸ್ಸಿಗೆ ಬನ್ನಿ ಅಂದ ಹಾಗೆ.

ಲೇಗೋಸ್‌ದು ಸಿಮೆಂಟ್ ಕಾಲಕ್ಕೇ ಮುಗೀಲಿಲ್ಲ. ಅಪಾಪಾ ಬಂದರಿನ ರಸ್ತೇಲಿ ಡ್ರೈವರ್‌ಗಳು ವಾರಗಟ್ಟಲೆ ಲಾರಿ ಕೆಳಗೇ ಮಲಗಿ ಅಡುಗೆ ಮಾಡ್ಕೊಂಡು ಕಾಯ್ತಿದ್ರು, 2021ರಲ್ಲಿ ಇಟೋ ಅಂತ ಮೊಬೈಲ್ ಬುಕಿಂಗ್ ತಂದ್ರು, ನಿನ್ನ ಸರದಿ ಬಂದಾಗ ಮಾತ್ರ ಬಾ ಅಂತ. 2023ರಲ್ಲಿ ಲೆಕ್ಕಿ ಅಂತ ಹೊಸ ಆಳದ ಬಂದರೂ ಶುರುವಾಯ್ತು. ಬಂದರು ಹೊಸದು, ಆದ್ರೆ ಅಲ್ಲಿಂದ ಹೊರಗೆ ಹೋಗೋಕೆ ರೈಲಿಲ್ಲ, ರಸ್ತೆನೇ.

ಸಕಲೇಶಪುರ_ಕಾಫಿ
ರಸ್ತೆ ಅಂದ್ರಲ್ಲ, ಲೇಗೋಸ್‌ವರೆಗೆ ಯಾಕ್ ಹೋಗ್ಬೇಕು. 2018ರ ಆಗಸ್ಟಲ್ಲಿ ಶಿರಾಡಿ ಘಾಟಿ ಕುಸೀತು, ರೈಲು ಹಳಿನೂ ಮುಚ್ಚೋಯ್ತು, ಚಾರ್ಮಾಡೀಲಿ ಹೆವಿ ಗಾಡಿ ಬಿಡಲ್ಲ. ಮಂಗಳೂರು ಪೋರ್ಟಲ್ಲಿ ಎಷ್ಟು ಬೇಗ ಇಳಿಸಿದ್ರೇನು, ಮೇಲೆ ಹತ್ತೋಕೆ ದಾರಿ ಬೇಡ್ವಾ. 2024ರ ಜುಲೈನಲ್ಲಿ ಮತ್ತೆ ಎಡಕುಮೇರಿ ಹತ್ರ ಹಳಿ ಕೆಳಗಿನ ಮಣ್ಣೇ ಜಾರ್ತು. ನಾವಂತೂ ಮಳೆಗಾಲದಲ್ಲಿ ಡೇಟ್ ಹೇಳೋದೇ ಬಿಟ್ಟಿದೀವಿ.

ದಾರ್‌ದಾಗಿನ_ಧಾರವಾಡಿ
ಲಂಚದ ಪ್ರಶ್ನಿಗೆ ಯಾರೂ ಉತ್ತರ ಕೊಡ್ಲಿಲ್ಲ ನೋಡ್ರಿ 😀 ಇರ್ತದ್ರಿ, ಎಲ್ಲಿ ಇಲ್ಲ. ಆದ್ರ ಲಂಚ ಹುಟ್ಟೋದು ಸರದಿ ಇದ್ದಲ್ಲೆ. ಒಂದು ಡಬ್ಬಿಗೆ ಏಳೆಂಟು ಆಫೀಸಿನ ಸಿಕ್ಕಾ ಬೇಕು ಅಂದ್ರ ಒಂದೊಂದು ಮೇಜಿನ ಮುಂದ ಒಂದೊಂದು ಸಾಲು, ಸಾಲು ಉದ್ದ ಇದ್ದಷ್ಟು ಮುಂದ ಬಿಡೋದಕ್ಕ ರೇಟು ಜಾಸ್ತಿ. ಸಾಲು ಕರಗಿದ್ರ ಯಾರಿಗೆ ಲುಕ್ಸಾನ, ನೀವ ಹೇಳ್ರಿ.

ಅಂಕಿಅಂಶ_ರಾಯ
ಡರ್ಬನ್ ವಿಷಯ ಒಪ್ಪಿದೆ, ನನ್ನ ಅಂಕಿ 2012ರದ್ದು, ಹಳೇದಾಯ್ತು. ಆದ್ರೂ ಈ ಕೇಸಿನ ಕೊನೇ 11 ದಿನದಲ್ಲಿ ಕ್ರೇನ್ ಎಲ್ಲಿದೆ ತೋರ್ಸಿ.

ನಾಲ್ಕನೇ_ಇಂಜಿನಿಯರ್
ಮೊದಲನೇ 16ರಲ್ಲಿ ಇದ್ರೂ ಇರಬಹುದು ಸಾರ್ 🙂

ಬೀಜದಂಗಡಿ_ಕಾರ್ಕಳ
ಎಲ್ರಿಗೂ ಥ್ಯಾಂಕ್ಸ್, ರಿಪ್ಲೈ ಮಾಡ್ಲಿಕ್ಕೆ ತಡವಾಯ್ತು. ತಿದ್ದಿದ ಸರ್ಟಿಫಿಕೇಟ್ ಬಂತು, ನಿನ್ನೆ ಸಂಜೆ ಎರಡೂ ಕಂಟೇನರ್ ಫ್ಯಾಕ್ಟರಿಗೆ ಮುಟ್ಟಿತು. ಬಾಗಿಲು ತೆಗೆದ ಕೂಡ್ಲೇ ವಾಸನೆ ಗೊತ್ತಾಯ್ತು. ಮೇಲಿನ ಸಾಲಿನ ಗೋಣಿ ಒದ್ದೆ, ಚಾವಣಿಯಿಂದ ಬೆವರು ಇಳಿದ ಗುರ್ತು ಉಂಟು, ಕೆಳಗಿನದ್ದು ಅಡ್ಡಿಯಿಲ್ಲ. ಅಮ್ಮ ನಾಲ್ಕು ಗೋಣಿಯಿಂದ ಒಂದೊಂದು ಹಿಡಿ ತೆಗೆದು ಕತ್ತರಿಸಿ ನೋಡಿದ್ರು, ಎಂತ ಹೇಳ್ಲಿಲ್ಲ, ಮೇಲಿನದ್ದು ಮೊದಲು ಬೇಯಿಸುವ ಅಂದ್ರು ಅಷ್ಟೇ.

ಭಟ್ರೆ, ಡಿಟೆನ್ಷನ್ ಬಿಲ್ ಬಂದಿದೆ, ಒಮ್ಮೆ ಫೋಟೋ ಕಳಿಸ್ತೇನೆ ನೋಡ್ತೀರಾ? ಹಡಗು ಬಂದ ದಿನದಿಂದ ಲೆಕ್ಕ ಹಾಕಿದ್ದಾರೆ, ಕಂಟೇನರ್ ಇಳಿದದ್ದು ಮರುದಿನ.

ಕ್ಲಿಯರಿಂಗ್_ಭಟ್ರು
ಕಳಿಸಿ. ಇಳಿಸಿದ ದಿನಾಂಕ ಟರ್ಮಿನಲ್ ರಿಪೋರ್ಟಲ್ಲಿ ಇರ್ತದೆ, ಅದನ್ನೂ ಒಟ್ಟಿಗೆ ಹಾಕಿ. ಒಂದು ದಿನ ಕಡಿಮೆ ಮಾಡಿಸ್ಬಹುದು. ಬೀಜ ಒಣಗ್ಲಿಕ್ಕೆ ಹಾಕಿದ್ರಾ?

ಬೀಜದಂಗಡಿ_ಕಾರ್ಕಳ
ಎಲ್ಲಿ ಒಣಗಿಸುದು ಭಟ್ರೆ, ಬೆಳಿಗ್ಗೆಯಿಂದ ಹುಯ್ತಾ ಉಂಟು. ಅಂಗಳದಲ್ಲಿ ನೀರು.