ಲ್ಯಾಬ್ ಸ್ಪ್ರೇ ಡ್ರೈಯರ್ (ದ್ರವವನ್ನು ಬಿಸಿ ಗಾಳಿಗೆ ಸಿಂಪಡಿಸಿ ಪುಡಿ ಮಾಡುವ ಮೆಷಿನ್): ನಿಮ್ಮ ಪ್ರಶ್ನೆ, ಫುಡ್ ಟೆಕ್ನಾಲಜಿಸ್ಟ್ ಮೇಡಂ ಉತ್ತರ

ಶಿರಸಿ ಸದಸ್ಯೆ: ಮೇಡಂ ನಮಸ್ತೆ. ಮುರುಗಲು ರಸಕ್ಕೆ ಸಕ್ಕರೆ ಸೇರಿಸಿ ಹಾಕಿದರೆ ಪುಡಿ ಸೈಕ್ಲೋನ್ (ಗಾಳಿಯಿಂದ ಪುಡಿ ಬೇರ್ಪಡಿಸುವ ಭಾಗ) ತನಕ ಬರುವುದೇ ಇಲ್ಲ. ಗಾಜಿನ ಚೇಂಬರ್‌ಗೆ ಕೆಂಪು ಪಾಕದ ಹಾಗೆ ಅಂಟುತ್ತದೆ. ಇನ್‌ಲೆಟ್ (ಒಳಹೋಗುವ ಬಿಸಿ ಗಾಳಿ) 180 ಡಿಗ್ರಿ ಇದೆ. ಇನ್ನೂ ಜಾಸ್ತಿ ಮಾಡಲಾ?

ಮೇಡಂ: ನಮಸ್ತೆ. ಜಾಸ್ತಿ ಮಾಡಬೇಡಿ. ಅಂಟುವುದು ಸಿಹಿ ಅಂಶ. ಒಣಗಿದ ಗ್ಲೂಕೋಸ್ ಸುಮಾರು 31 ಡಿಗ್ರಿಗೇ ಮೆತ್ತಗಾಗುತ್ತದೆ, ಫ್ರಕ್ಟೋಸ್ ಇನ್ನೂ ಮೊದಲೇ. ಸಕ್ಕರೆ ಬಿಡಿ. ರಸದ ಘನಾಂಶಕ್ಕೆ ಸಮತೂಕ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ, ಬೇಗ ಮೆತ್ತಗಾಗದ ಪುಡಿ) ಹಾಕಿ, ಔಟ್‌ಲೆಟ್ (ಹೊರಬರುವ ಗಾಳಿ) 80 ಡಿಗ್ರಿ ಆಸುಪಾಸು ಇರಲಿ. ನೋಡಬೇಕಾದ್ದು ಔಟ್‌ಲೆಟ್ ಅನ್ನು.

ಹಾಸನ ಸದಸ್ಯ: ಕಬ್ಬಿನ ಹಾಲೂ ಅಂಟುತ್ತೆ ಮೇಡಂ, ಏನು ಮಾಡೋದು?

ಮೇಡಂ: ಮೇಲೆ ಬರೆದಿದ್ದೇನೆ.

ತುಮಕೂರು ಸದಸ್ಯ: ಸೆಕೆಂಡ್ ಹ್ಯಾಂಡ್ ಮೆಷಿನ್ ಎಷ್ಟಕ್ಕೆ ಸಿಗಬಹುದು?

ಮೈಸೂರು ಸದಸ್ಯ: ಬೇರೆ ಗ್ರೂಪಿನಲ್ಲಿ ಬಂದಿದ್ದು: ‘ಮೆಷಿನ್ ಓಡುವಾಗಲೇ ಬಿಸಿ ಚೇಂಬರ್‌ಗೆ ಒದ್ದೆ ಬಟ್ಟೆ ಸುತ್ತಿ, ಅಂಟು ತಾನಾಗಿ ಬಿಡುತ್ತದೆ.’

ಮೇಡಂ: ಯಾರೂ ಮಾಡಬೇಡಿ. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಸೀಳಬಹುದು. ಚೂರು ಹೋಗುವುದು ನಿಮ್ಮ ಪುಡಿಯೊಳಕ್ಕೆ. ಬಂದದ್ದನ್ನೆಲ್ಲ ಇಲ್ಲಿಗೆ ತಳ್ಳಬೇಡಿ.

ದಾವಣಗೆರೆ ಎಂ.ಫಾರ್ಮ ವಿದ್ಯಾರ್ಥಿ: ಅಮೃತಬಳ್ಳಿಯ ಸಾರ ಇದೆ, 70% ಎಥನಾಲ್‌ನಲ್ಲಿ. ಕಾಲೇಜಿನ ಮೆಷಿನ್, ರೂಮಿನ ಗಾಳಿಯನ್ನೇ ಎಳೆದು ರೂಮಿಗೇ ಬಿಡುತ್ತದೆ. ನಾಳೆ ಓಡಿಸಬೇಕು. ಇನ್‌ಲೆಟ್ 120 ಸಾಕಾ?

ಮೇಡಂ: ಮೆಷಿನ್ ಆನ್ ಮಾಡಲೇಬೇಡಿ. ಗಾಳಿಯಲ್ಲಿ ಎಥನಾಲ್ ಆವಿ 3.3% ಸೇರಿದರೆ ಒಂದು ಕಿಡಿ ಸಾಕು. ಆ ಕಿಡಿ ಒಳಗೇ ಹುಟ್ಟಬಹುದು. ಒಣ ಪುಡಿ ಗಾಜಿಗೆ ಉಜ್ಜಿಕೊಂಡು ಸುತ್ತುವಾಗ ಸ್ಥಿರ ವಿದ್ಯುತ್ ಕೂಡುತ್ತದೆ. ಶುರುವಿನಲ್ಲಿ ಆವಿ ತೆಳುವಾಗಿದೆ ಅಂತ ಧೈರ್ಯ ಮಾಡಬೇಡಿ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಇಳಿಯುತ್ತದೆ, ಪಂಪ್ ಮಾತ್ರ ಸಾರವನ್ನು ತಳ್ಳುತ್ತಲೇ ಇರುತ್ತದೆ, ಆವಿ ದಟ್ಟವಾಗುತ್ತಾ ಹೋಗುತ್ತದೆ. ಹೊರಬಂದ ಆವಿಯೂ ನೀವು ನಿಂತಿರುವ ರೂಮಿಗೇ ಬರುತ್ತದೆ. ಇದಕ್ಕೆ ಗಾಳಿಯ ಬದಲು ನೈಟ್ರೋಜನ್ ಸುತ್ತುವ ಮುಚ್ಚಿದ ವ್ಯವಸ್ಥೆ ಬೇಕು. ಆವಿಯನ್ನು ತಣಿಸಿ ದ್ರವವಾಗಿ ಹಿಡಿಯುವ ಘಟಕ ಬೇಕು, ಆಕ್ಸಿಜನ್ ಸೆನ್ಸರ್ ಬೇಕು. ಬರೀ ಸಿಲಿಂಡರ್ ತಂದು ಪೈಪ್ ಸಿಕ್ಕಿಸಿದರೆ ಆಗುವುದಿಲ್ಲ.

ನಿಮಗೆ ದಾರಿ ಇದೆ. ರೋಟರಿ ಇವಾಪೊರೇಟರ್‌ನಲ್ಲಿ ವ್ಯಾಕ್ಯೂಮ್ ಕೊಟ್ಟು, ನೀರಿನ ತೊಟ್ಟಿ 40 ಡಿಗ್ರಿ ಇಟ್ಟು ಆಲ್ಕೋಹಾಲ್ ತೆಗೆಯಿರಿ. ಉಳಿದದ್ದನ್ನು ನೀರು, ಮಾಲ್ಟೋಡೆಕ್ಸ್‌ಟ್ರಿನ್ ಜೊತೆ ಚೆನ್ನಾಗಿ ಕಲಸಿ. ಅಂಟಂಟು ಅಂಶ ಗಂಟು ಕಟ್ಟುತ್ತದೆ, ಶೋಧಿಸಿಯೇ ಹಾಕಿ. 0.7 ಮಿ.ಮೀ. ನಾಜಲ್‌ಗೆ (ಸಿಂಪಡಿಸುವ ಮೂತಿಗೆ) ಸಣ್ಣ ಗಂಟೂ ಅಡ್ಡ. ಶೋಧಿಸಿದಾಗ ಮೇಲೆ ಉಳಿದದ್ದನ್ನು ಎಸೆಯಬೇಡಿ, ನಿಮಗೆ ಬೇಕಾದ ಅಂಶ ಅದರಲ್ಲೇ ಇರಬಹುದು. ಪರೀಕ್ಷೆ ಮಾಡಿಸಿ. ಇದನ್ನು ಇವತ್ತೇ ಗೈಡ್‌ಗೆ ತೋರಿಸಿ.

ಬೆಂಗಳೂರು ಸದಸ್ಯ: ನಾವು ಎಥನಾಲ್ ಹಾಗೇ ಓಡಿಸಿದ್ದೀವಿ. ಏನೂ ಆಗಿಲ್ಲ.

ಮೇಡಂ: ಆ ಹುಡುಗನಿಗೆ ಧೈರ್ಯ ತುಂಬಬೇಡಿ.

ಮಂಗಳೂರು ಸದಸ್ಯ: ಅರ್ಧಕ್ಕರ್ಧ ಮಾಲ್ಟೋಡೆಕ್ಸ್‌ಟ್ರಿನ್ ಹಾಕಿ ಹಣ್ಣಿನ ಪುಡಿ ಅಂತ ಮಾರೋದು ಮೋಸ ಅಲ್ವಾ? ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು) ಮಾಡಿ.

ಶಿರಸಿ ಸದಸ್ಯೆ: ಲೇಬಲ್ ಮೇಲೆ ಬರೆದೇ ಕೊಡುವುದು ನಾನು. ಸುಮ್ನೆ ಆರೋಪ ಬೇಡ. ಫ್ರೀಜ್ ಡ್ರೈಯರ್ ಕರೆಂಟ್ ಬಿಲ್ ನೀವು ಕಟ್ಟುತ್ತೀರಾ?

ಮಂಗಳೂರು ಸದಸ್ಯ: ಬರೆದರೂ ಅರ್ಧ ಪುಡಿ ಹಣ್ಣಲ್ಲ ತಾನೇ?

ಹಾಸನ ಸದಸ್ಯ: ಕಬ್ಬಿನ ಹಾಲಿಗೆ ಇನ್‌ಲೆಟ್ 200 ಇಡಲಾ ಮೇಡಂ?

ಮೇಡಂ: ಬೇಡ. ಓದಿ ಕೇಳಿ. ಉಳಿದವರ ಜಗಳ ಬೇರೆ ಕಡೆ ಇರಲಿ.

ದಾವಣಗೆರೆ ವಿದ್ಯಾರ್ಥಿ: ಗೈಡ್ ಒಪ್ಪಿದರು. ಆಲ್ಕೋಹಾಲ್ ವಾಸನೆ ಹೋದ ಮೇಲೆ ಹಾಕಬಹುದಲ್ವಾ?

ಮೇಡಂ: ಮೂಗನ್ನು ನಂಬಬೇಡಿ. ಉಳಿದ ಆಲ್ಕೋಹಾಲ್ ಎಷ್ಟೆಂದು ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ) ಅಳೆಸಿ ಅಂಕಿ ಕಳಿಸಿ, ಆಮೇಲೆ ಹೇಳುತ್ತೇನೆ.