ಸರ್ಕಾರಿ ತಂತ್ರಾಂಶದ ಕೋಡ್ ತೆರೆಯುವ ಮುನ್ನ: ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಸರ್ಕಾರಿ ಕಚೇರಿಗಳಲ್ಲಿ ತಂತ್ರಾಂಶದ ಕೆಲಸ ನೋಡಿಕೊಳ್ಳುವವರ ಈ ಗುಂಪಿನಲ್ಲಿ ಇಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ಓದಿ, ಬಳಸಿ, ತಿದ್ದಬಹುದಾದ ತಂತ್ರಾಂಶ) ಅಳವಡಿಕೆಯ ಬಗ್ಗೆ ಮತ್ತು ಇಲಾಖೆಗಳು ಕೂಡಿ ತಂತ್ರಾಂಶ ಕಟ್ಟುವ ಬಗ್ಗೆ ಪ್ರಶ್ನೆ ಕೇಳಬಹುದು. ಸಾರ್ವಜನಿಕ ಸಂಸ್ಥೆಗಳಿಗೆ ಹಲವು ವರ್ಷಗಳಿಂದ ತಂತ್ರಾಂಶ ರೂಪಿಸಿಕೊಟ್ಟಿರುವ ಆರ್ಕಿಟೆಕ್ಟ್ ಒಬ್ಬರು ಉತ್ತರಿಸಲು ಒಪ್ಪಿದ್ದಾರೆ. ಮೇಲಿನ ಉತ್ತರಗಳನ್ನು ಓದಿ, ಆಮೇಲೆ ಕೇಳಿ.

ಖರೀದಿ ವಿಭಾಗದ ಸದಸ್ಯರು: ನಮಸ್ಕಾರ ಮೇಡಂ. ಓಪನ್ ಸೋರ್ಸ್ ಎಂದರೆ ಪುಕ್ಕಟೆ ಎಂದು ತಿಳಿದು ನಮ್ಮ ಮೇಲಧಿಕಾರಿಗಳು ಬಜೆಟ್‌ನಿಂದ ನಿರ್ವಹಣೆಯ ಮೊತ್ತವನ್ನೇ ತೆಗೆದುಹಾಕಿದ್ದಾರೆ. ಇದು ಸರಿಯೇ?

ತಜ್ಞೆ: ನಮಸ್ಕಾರ. ಸರಿಯಲ್ಲ. ಉಳಿಯುವುದು ಲೈಸೆನ್ಸ್ ಶುಲ್ಕವೊಂದೇ; ಅಳವಡಿಸುವುದು, ಸಿಬ್ಬಂದಿಗೆ ಕಲಿಸುವುದು, ಭದ್ರತಾ ಪ್ಯಾಚ್ (ದೋಷ ಸರಿಪಡಿಸುವ ಕೋಡ್ ತುಣುಕು) ಹಾಕುವುದು, ಕೆಟ್ಟಾಗ ಸರಿಪಡಿಸುವುದು ಇವೆಲ್ಲಕ್ಕೂ ಜನ ಬೇಕು, ಜನಕ್ಕೆ ಸಂಬಳ ಬೇಕು. ಭಾರತ ಸರ್ಕಾರ 2015ರಲ್ಲಿ ಹೊರಡಿಸಿದ ನೀತಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಲು ಹೇಳುತ್ತದೆ ಮತ್ತು ಅದನ್ನು ಕೈಬಿಡುವ ಪೂರೈಕೆದಾರರು ಕಾರಣ ಕೊಡಬೇಕೆನ್ನುತ್ತದೆ. ಆದ್ಯತೆ ಕೊಟ್ಟ ಮಾತ್ರಕ್ಕೆ ನಿರ್ವಹಣೆಯ ಖರ್ಚು ಇಲ್ಲವಾಗುವುದಿಲ್ಲ. ಆ ಮೊತ್ತವನ್ನು ಮರಳಿ ಸೇರಿಸುವಂತೆ ಟಿಪ್ಪಣಿ ಬರೆಯಿರಿ.

ಸದಸ್ಯರು 2: ಕೋಡ್ ಎಲ್ಲರಿಗೂ ಕಾಣುವಂತಿದ್ದರೆ ಹ್ಯಾಕರ್‌ಗಳಿಗೆ ನಾವೇ ಬಾಗಿಲು ತೆರೆದಂತಾಗುವುದಿಲ್ಲವೇ?

ತಜ್ಞೆ: ಕೋಡ್ ಮುಚ್ಚಿಟ್ಟರೆ ದೋಷ ಮುಚ್ಚಿಹೋಗುವುದಿಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ದಾಳಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ತಟ್ಟಿದಾಗ ಬಳಕೆಯಾದದ್ದು ಕೋಡ್ ಮುಚ್ಚಿಟ್ಟ ವಿಂಡೋಸ್‌ನಲ್ಲಿದ್ದ ದೋಷ. ಅದರ ಪ್ಯಾಚ್ ಎರಡು ತಿಂಗಳು ಮೊದಲೇ ಬಂದಿತ್ತು, ಆದರೆ ಎಷ್ಟೋ ಕಡೆ ಹಾಕಿರಲಿಲ್ಲ. ಹಾಗೆಂದು ತೆರೆದ ಕೋಡ್ ತಾನಾಗಿಯೇ ಸುರಕ್ಷಿತ ಎಂದೂ ನಾನು ಹೇಳುವುದಿಲ್ಲ. ಅಂತರ್ಜಾಲ ಸಂಪರ್ಕವನ್ನು ಗುಪ್ತವಾಗಿಡುವ ಓಪನ್ ಸೋರ್ಸ್ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ 2014ರಲ್ಲಿ ಬೆಳಕಿಗೆ ಬರುವ ಮುನ್ನ ಸುಮಾರು ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಕಾಪಾಡುವುದು, ಓದುವವರು ಮತ್ತು ತಡಮಾಡದೆ ಪ್ಯಾಚ್ ಹಾಕುವವರು ಇದ್ದಾರೆ ಎಂಬ ಸಂಗತಿ. ಗುಟ್ಟಾಗಿರಬೇಕಾದದ್ದು ಪಾಸ್‌ವರ್ಡ್‌ನಂಥ ಕೀಲಿಗಳು ಮತ್ತು ಜನರ ಮಾಹಿತಿ, ಕೋಡ್ ಅಲ್ಲ.

ಸವಲತ್ತು ವಿಭಾಗದ ಸದಸ್ಯೆ: ಮೇಡಂ, ನನ್ನದು ತುರ್ತು ಪ್ರಶ್ನೆ. ಸವಲತ್ತಿನ ಅರ್ಜಿಗಳನ್ನು ಪರಿಶೀಲಿಸುವ ನಮ್ಮ ತಂತ್ರಾಂಶವನ್ನು ಗುತ್ತಿಗೆ ಸಂಸ್ಥೆಯೊಂದು ಆರು ವರ್ಷಗಳಿಂದ ಬರೆಯುತ್ತಿದೆ. ಬರುವ ಸೋಮವಾರದೊಳಗೆ ಇಡೀ ಕೋಡ್ ಅನ್ನು ಸಾರ್ವಜನಿಕಗೊಳಿಸಬೇಕೆಂದು ಆದೇಶವಾಗಿದೆ. ಅದರೊಳಗೆ ಡೇಟಾಬೇಸ್‌ನ ಪಾಸ್‌ವರ್ಡ್ ಇರುವ ಫೈಲ್ ಇತ್ತು. ಪರೀಕ್ಷೆಗೆಂದು ಇಟ್ಟ ಫೋಲ್ಡರ್‌ನಲ್ಲಿ ನಿಜವಾದ ಅರ್ಜಿದಾರರ ವಿವರಗಳಿದ್ದವು. ನಿನ್ನೆ ಎರಡನ್ನೂ ಅಳಿಸಿ ಗಿಟ್‌ನಲ್ಲಿ ಕಮಿಟ್ ಮಾಡಿದ್ದೇನೆ (ಬದಲಾವಣೆ ದಾಖಲಿಸಿದ್ದೇನೆ). ಇಷ್ಟು ಸಾಕೇ?

ತಜ್ಞೆ: ಸಾಲದು. ಪ್ರಕಟಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಸೋಮವಾರ ಪ್ರಕಟಿಸಬೇಡಿ, ಈ ಉತ್ತರವನ್ನೇ ನಿಮ್ಮ ಮುಖ್ಯಸ್ಥರಿಗೆ ತೋರಿಸಿ.

ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎನ್ನುವುದು ಬರೆದದ್ದನ್ನು ಮರೆಯದಿರಲೆಂದೇ ಮಾಡಿದ ಸಾಧನ. ನೀವು ನಿನ್ನೆ ಅಳಿಸಿದ ಫೈಲ್ ಇಂದಿನ ಸ್ಥಿತಿಯಲ್ಲಿ ಕಾಣುವುದಿಲ್ಲ, ಆದರೆ ಮೊನ್ನೆಯ ಕಮಿಟ್‌ಗೆ ಹಿಂದಿರುಗಿದ ಯಾರಿಗಾದರೂ ಅದು ಹಾಗೆಯೇ ಸಿಗುತ್ತದೆ. ಆದ್ದರಿಂದ ಅಳಿಸುವುದಕ್ಕಿಂತ ಮೊದಲಿನ ಕೆಲಸ ಆ ಪಾಸ್‌ವರ್ಡ್ ಅನ್ನು ಇವತ್ತೇ ಬದಲಾಯಿಸುವುದು. ಆರು ವರ್ಷಗಳಲ್ಲಿ ಬಂದು ಹೋದ ಗುತ್ತಿಗೆ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಅದು ಉಳಿದಿರಬಹುದು. ನೀವು ಕೋಡ್ ಪ್ರಕಟಿಸದಿದ್ದರೂ ಅದನ್ನು ಸೋರಿಹೋದ ಪಾಸ್‌ವರ್ಡ್ ಎಂದೇ ಎಣಿಸಬೇಕು. ಒಂದು ಸಿಕ್ಕಿದೆ ಎಂದರೆ ಇನ್ನೂ ಇರುತ್ತವೆ. ಕೋಡ್‌ನಲ್ಲಿ ಉಳಿದ ಪಾಸ್‌ವರ್ಡ್, ಕೀಲಿಗಳನ್ನು ಹುಡುಕುವ ಗಿಟ್‌ಲೀಕ್ಸ್‌ನಂಥ ಸಾಧನದಿಂದ ಇಂದಿನ ಫೈಲ್‌ಗಳನ್ನಷ್ಟೇ ಅಲ್ಲ, ಇಡೀ ಇತಿಹಾಸವನ್ನು ಜಾಲಾಡಿಸಿ.

ಇತಿಹಾಸವನ್ನು ಶುದ್ಧಗೊಳಿಸಲು ಎರಡು ದಾರಿಗಳಿವೆ. ಗಿಟ್ ಫಿಲ್ಟರ್-ರೆಪೊ ಎಂಬ ಸಾಧನ ಬಳಸಿ ಹಳೆಯ ಕಮಿಟ್‌ಗಳನ್ನೇ ತಿದ್ದಿ ಬರೆಯಬಹುದು. ಆಗ ತಿದ್ದಿದ್ದರಿಂದ ಮುಂದಿನ ಎಲ್ಲ ಕಮಿಟ್‌ಗಳ ಗುರುತು ಬದಲಾಗುತ್ತದೆ, ತಂಡದ ಪ್ರತಿಯೊಬ್ಬರೂ ಹೊಸದಾಗಿ ಪ್ರತಿ ಇಳಿಸಿಕೊಳ್ಳಬೇಕಾಗುತ್ತದೆ, ಒಬ್ಬರು ಹಳೆಯ ಪ್ರತಿಯಿಂದ ಸೇರಿಸಿದರೂ ಕೊಳೆ ಮರಳಿ ಬರುತ್ತದೆ. ಇನ್ನೊಂದು ದಾರಿಯೆಂದರೆ, ಹಳೆಯ ರೆಪೊಸಿಟರಿಯನ್ನು (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಒಳಗೇ ಉಳಿಸಿಕೊಂಡು, ಪರಿಶೀಲಿಸಿದ ಇಂದಿನ ಸ್ಥಿತಿಯಿಂದ ಹೊಸದೊಂದನ್ನು ಆರಂಭಿಸುವುದು. ಮೊದಲ ಬಾರಿ ಪ್ರಕಟಿಸುವವರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಯಾವ ಬದಲಾವಣೆ ಯಾಕೆ ಆಯಿತೆಂಬ ನೆನಪು ಹೊರಗಿನವರಿಗೆ ಸಿಗದೆ ಹೋಗುವುದು ನಷ್ಟವೇ. ಮುಖ್ಯ ತೀರ್ಮಾನಗಳನ್ನು ಒಂದು ಕಡತದಲ್ಲಿ ಬರೆದು ಜೊತೆಗಿಟ್ಟರೆ ಆ ನಷ್ಟ ತಕ್ಕಮಟ್ಟಿಗೆ ತುಂಬುತ್ತದೆ.

ನನಗೆ ಪಾಸ್‌ವರ್ಡ್‌ಗಿಂತ ಹೆಚ್ಚು ಆತಂಕ ಇರುವುದು ಅರ್ಜಿದಾರರ ವಿವರಗಳ ಬಗ್ಗೆ. ಪಾಸ್‌ವರ್ಡ್ ಬದಲಾಯಿಸಬಹುದು, ಒಬ್ಬರ ಹುಟ್ಟಿದ ದಿನಾಂಕವನ್ನು ಬದಲಾಯಿಸಲಾಗದು. ಹೆಸರಿನ ಕಾಲಂ ಅಳಿಸಿದರೆ ಸಾಕೆಂದು ಯಾರಾದರೂ ನಿಮಗೆ ಹೇಳಿಯಾರು, ನಂಬಬೇಡಿ. ಅಂಚೆ ಸಂಕೇತ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ಸೇರಿದರೆ ಅಮೆರಿಕದ ಜನಸಂಖ್ಯೆಯ ಸುಮಾರು 87 ಶೇಕಡ ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದೆಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ತೋರಿಸಿದ್ದರು. ಸವಲತ್ತು ಕೇಳಿ ಬಂದವರು ಕಚೇರಿಯನ್ನು ನಂಬಿ ತಮ್ಮ ಕಷ್ಟ ಬರೆದುಕೊಟ್ಟಿರುತ್ತಾರೆ. ಪರೀಕ್ಷೆಗೆ ಪೂರ್ತಿ ಕೃತಕವಾದ ಮಾಹಿತಿಯನ್ನೇ ಸೃಷ್ಟಿಸಿ, ನಿಜವಾದದ್ದನ್ನು ಗುತ್ತಿಗೆದಾರರ ಬಳಿಯಿಂದಲೂ ತೆಗೆಸಿ.

ಇನ್ನು, ಆ ಕೋಡ್‌ನ ಹಕ್ಕುಸ್ವಾಮ್ಯ ಯಾರದು? ಒಪ್ಪಂದದಲ್ಲಿ ಅದು ಸ್ಪಷ್ಟವಿಲ್ಲದಿದ್ದರೆ ಲೈಸೆನ್ಸ್ ಆರಿಸುವ ಅಧಿಕಾರವೇ ನಿಮ್ಮ ಕಚೇರಿಗೆ ಇಲ್ಲದಿರಬಹುದು; ಕಾನೂನು ವಿಭಾಗದಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಸ್ವಿಟ್ಜರ್ಲೆಂಡಿನಲ್ಲಿ 2024ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನು ಒಕ್ಕೂಟ ಸರ್ಕಾರದ ಕಚೇರಿಗಳು ತಮ್ಮ ಕೋಡ್ ಪ್ರಕಟಿಸಬೇಕೆಂದು ವಿಧಿಸುತ್ತದೆ, ಆದರೆ ಮೂರನೆಯವರ ಹಕ್ಕು ಅಥವಾ ಭದ್ರತೆ ಅಡ್ಡಬಂದರೆ ವಿನಾಯಿತಿ ಕೊಡುತ್ತದೆ. ಪ್ರಕಟವಾದ ಮರುದಿನ ಯಾರೋ ಒಬ್ಬರು ದೋಷ ತೋರಿಸಿ ಪತ್ರ ಬರೆದರೆ ಅದನ್ನು ಓದುವವರು ಯಾರು? ಆ ಹೆಸರು ಆದೇಶದಲ್ಲಿ ಇಲ್ಲದಿದ್ದರೆ ನೀವು ಕೋಡ್ ಅನ್ನು ಹೊರಗಿಟ್ಟಿದ್ದೀರಿ ಅಷ್ಟೆ, ತೆರೆದಿಲ್ಲ.

ಸದಸ್ಯರು 5: ನನಗೆ ಬಂದ ಸಂದೇಶವನ್ನು ಹಾಗೆಯೇ ಕಳಿಸುತ್ತಿದ್ದೇನೆ: “ಪಾಸ್‌ವರ್ಡ್ ಬಹಿರಂಗವಾದರೆ ಗಾಬರಿ ಬೇಡ. ರೆಪೊಸಿಟರಿಯನ್ನು ಹತ್ತು ನಿಮಿಷ ಖಾಸಗಿ ಮಾಡಿ ಮತ್ತೆ ಸಾರ್ವಜನಿಕ ಮಾಡಿದರೆ ಹಳೆಯದೆಲ್ಲ ಅಳಿಯುತ್ತದೆ. ಎಲ್ಲ ಕಚೇರಿಗಳಿಗೂ ತಲುಪಿಸಿ.”

ತಜ್ಞೆ: ಇದು ಸುಳ್ಳು. ದಯವಿಟ್ಟು ಎಲ್ಲಿಗೂ ತಲುಪಿಸಬೇಡಿ. ಸಾರ್ವಜನಿಕ ರೆಪೊಸಿಟರಿಗಳಲ್ಲಿ ಕೀಲಿಗಳನ್ನು ಹುಡುಕುವ ಸ್ವಯಂಚಾಲಿತ ಪ್ರೋಗ್ರಾಂಗಳು ಹಗಲಿರುಳೂ ಓಡುತ್ತಿರುತ್ತವೆ. ನೀವು ಖಾಸಗಿ ಮಾಡುವಷ್ಟರಲ್ಲಿ ಪ್ರತಿ ಹೋಗಿರುತ್ತದೆ. ಮತ್ತೆ ಸಾರ್ವಜನಿಕ ಮಾಡಿದಾಗ ಹಳೆಯ ಕಮಿಟ್‌ಗಳೂ ಮರಳಿ ಕಾಣಿಸುತ್ತವೆ.

ಸದಸ್ಯರು 6: ಹ್ಯಾಕರ್‌ಗಳಿಗೆ ಕೋಡ್ ಕಂಡರೆ ಅಪಾಯವಲ್ಲವೇ ಮೇಡಂ?

ತಜ್ಞೆ: ಎರಡನೆಯ ಪ್ರಶ್ನೆಗೆ ಉತ್ತರಿಸಿದ್ದೇನೆ.

ಸದಸ್ಯರು 7: ಇದೆಲ್ಲ ವ್ಯರ್ಥ ಚರ್ಚೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ ವಿಂಡೋಸ್ ಬಿಟ್ಟು ಓಪನ್ ಸೋರ್ಸ್ ಆದ ಲಿನಕ್ಸ್‌ಗೆ ಹೋಗಿ, ಸೋತು, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅಲ್ಲಿ ಆಗದ್ದು ಬೇರೆ ಕಡೆ ಆಗುತ್ತದೆಯೇ?

ಸದಸ್ಯೆ 8: ಅರ್ಧ ಕಥೆ ಹೇಳಬೇಡಿ. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳು ಅಲ್ಲಿ ಬದಲಾಗಿದ್ದವು. 2020ರಲ್ಲಿ ಬಂದ ಹೊಸ ಮೈತ್ರಿಕೂಟ ಮತ್ತೆ ಓಪನ್ ಸೋರ್ಸ್‌ಗೆ ಆದ್ಯತೆ ಎಂದಿತು. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ 2005ರಲ್ಲಿ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದಿಂದ ಆರಂಭಿಸಿ, 2008ರಿಂದ ಲಿನಕ್ಸ್‌ನದೇ ಒಂದು ರೂಪವಾದ ಉಬುಂಟುವಿಗೆ ಹೊರಳಿ, ಹತ್ತಾರು ಸಾವಿರ ಕಂಪ್ಯೂಟರ್‌ಗಳನ್ನು ನಡೆಸುತ್ತಿದೆ.

ಸದಸ್ಯರು 7: ಪೊಲೀಸರಿಗೆ ಮೇಲಿಂದ ಆದೇಶ ಬಂದರೆ ಮುಗಿಯಿತು, ಎಲ್ಲರೂ ಬಳಸುತ್ತಾರೆ. ನಗರಾಡಳಿತದಲ್ಲಿ ಹಾಗಲ್ಲ. ಕಡತ ತೆರೆದರೆ ಅಕ್ಷರ ಅಸ್ತವ್ಯಸ್ತವಾದ ದಿನ ಕೌಂಟರ್ ಎದುರು ನಿಂತವರಿಗೆ ಉತ್ತರ ಕೊಡುವವರು ನೀವಲ್ಲ.

ಸದಸ್ಯೆ 8: ಹದಿನಾಲ್ಕು ವರ್ಷ ಕೌಂಟರಿನಲ್ಲೇ ಕೂತಿದ್ದೇನೆ. ನನಗೆ ಅದನ್ನು ಕಲಿಸಬೇಕಾಗಿಲ್ಲ.

ಸದಸ್ಯರು 9: ಇಬ್ಬರೂ ಪಕ್ಷ ಕಟ್ಟಿಕೊಂಡು ಮಾತನಾಡುತ್ತಿದ್ದೀರಿ. ಓಡಿಎಫ್ ಎಂಬ ಮುಕ್ತ ಕಡತ ಮಾದರಿಯಲ್ಲಿ ಉಳಿಸಿದ ಹಳೆಯ ಕಡತಗಳ ಬಗ್ಗೆ ನಾನು ಕೇಳಬೇಕೆಂದಿದ್ದೆ, ಯಾರೂ ಅವಕಾಶವನ್ನೇ ಕೊಡುತ್ತಿಲ್ಲ.

ತಜ್ಞೆ: ಮ್ಯೂನಿಕ್ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಡೆಸ್ಕ್‌ಟಾಪ್ ಬದಲಾಯಿಸುವುದು ಓಪನ್ ಸೋರ್ಸ್ ಅಳವಡಿಕೆಯ ಒಂದು ಭಾಗ ಮಾತ್ರ, ಅದೂ ಎಲ್ಲಕ್ಕಿಂತ ಕಷ್ಟದ ಭಾಗ, ಏಕೆಂದರೆ ಅದು ಪ್ರತಿಯೊಬ್ಬ ನೌಕರರ ಕೈಯ ರೂಢಿಯನ್ನು ಮುಟ್ಟುತ್ತದೆ. ಸರ್ವರ್, ಡೇಟಾಬೇಸ್ ಮತ್ತು ಇಲಾಖೆಯೇ ಬರೆಸುವ ತಂತ್ರಾಂಶಗಳ ವಿಷಯಕ್ಕೆ ಆ ನಗರದ ಉದಾಹರಣೆ ಹೆಚ್ಚು ಬೆಳಕು ಚೆಲ್ಲುವುದಿಲ್ಲ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ದಾಖಲೆ ವಿಭಾಗದ ಸದಸ್ಯರು: ನಮ್ಮಲ್ಲಿ ಬೇರೆ ತೊಂದರೆ. ಐದು ವರ್ಷಗಳ ಹಿಂದೆ ಓಪನ್ ಸೋರ್ಸ್ ದಾಖಲೆ ನಿರ್ವಹಣಾ ತಂತ್ರಾಂಶವೊಂದನ್ನು ತಂದು, ನಮಗೆ ಬೇಕಾದಂತೆ ಅದರ ಒಳಗೇ ಹಲವು ಬದಲಾವಣೆ ಮಾಡಿಸಿದೆವು. ಮೂಲ ಯೋಜನೆ ಬಹಳ ಮುಂದೆ ಹೋಗಿದೆ. ಈಗ ಅವರ ಭದ್ರತಾ ಪ್ಯಾಚ್ ಹಾಕಿದರೆ ನಮ್ಮದು ನಿಂತುಹೋಗುತ್ತದೆ. ಬರೆದವರೆಲ್ಲ ಬಿಟ್ಟುಹೋಗಿದ್ದಾರೆ.

ತಜ್ಞೆ: ಬೆಳಗಿನಿಂದ ಬಂದ ಪ್ರಶ್ನೆಗಳಲ್ಲಿ ಕೂಡಿ ಕಟ್ಟುವ ವಿಷಯದ ತಿರುಳನ್ನು ಮುಟ್ಟಿದ್ದು ಇದು. ನೀವು ಓಪನ್ ಸೋರ್ಸ್ ತಂದಿರಿ, ಆದರೆ ಅದನ್ನು ಕಟ್ಟುವವರ ಜೊತೆ ಸೇರಲಿಲ್ಲ. ಹಾಗಾಗಿ ಅದು ನಿಮ್ಮೊಬ್ಬರದೇ ತಂತ್ರಾಂಶವಾಗಿ ಉಳಿಯಿತು.

ಮೂಲ ಯೋಜನೆಯ ಯಾವ ಆವೃತ್ತಿಯಿಂದ ನೀವು ಕವಲೊಡೆದಿರೆಂದು ಮೊದಲು ಗುರುತಿಸಿ, ಅದಕ್ಕೂ ನಿಮ್ಮ ಕೋಡ್‌ಗೂ ಇರುವ ವ್ಯತ್ಯಾಸವನ್ನು ಪೂರ್ತಿ ತೆಗೆಯಿರಿ. ಒಂದೊಂದು ಬದಲಾವಣೆಯ ಎದುರೂ ಇದನ್ನು ಕೇಳಿದವರು ಯಾರು, ಇಂದಿಗೂ ಬೇಕೇ ಎಂದು ಬರೆಯಿರಿ. ನನ್ನ ಅನುಭವದಲ್ಲಿ ಅವುಗಳಲ್ಲಿ ಒಂದಷ್ಟು ಕೇವಲ ಸೆಟ್ಟಿಂಗ್‌ನಿಂದ ಆಗುವಂಥವು, ಇನ್ನಷ್ಟು ಯಾರಿಗೂ ಬೇಡವಾದವು. ಎಲ್ಲರಿಗೂ ಉಪಯುಕ್ತವಾದ ತಿದ್ದುಪಡಿಗಳನ್ನು ಮೂಲ ಯೋಜನೆಗೆ ಚಿಕ್ಕ ಚಿಕ್ಕ ಪ್ಯಾಚ್‌ಗಳಾಗಿ ಕಳಿಸಿ. ಕಳಿಸುವ ಮೊದಲು ಅಲ್ಲಿಯ ನಿರ್ವಾಹಕರಿಗೆ ಬರೆದು ಕೇಳಿ. ಕೆಲವನ್ನು ಅವರು ಒಪ್ಪದಿರಬಹುದು, ಆಗ ಪದವಿಯ ಮಾತೆತ್ತಬೇಡಿ. ನಿಮ್ಮ ಇಲಾಖೆಗೆ ಮಾತ್ರ ಬೇಕಾದದ್ದನ್ನು ಪ್ಲಗಿನ್ (ಮೂಲ ಕೋಡ್ ಮುಟ್ಟದೆ ಜೋಡಿಸುವ ತುಣುಕು) ಆಗಿ ಹೊರಗೆ ಕಟ್ಟಿ. ಅಲ್ಲಿಯವರೆಗೆ ಆ ಹಳೆಯ ಆವೃತ್ತಿ ಒಳಜಾಲದಲ್ಲಿ ಮಾತ್ರ ಇರಲಿ, ಅಂತರ್ಜಾಲಕ್ಕೆ ನೇರವಾಗಿ ತೆರೆದಿರಬಾರದು.

ಎಸ್ಟೋನಿಯಾ 2001ರಿಂದ ನಡೆಸುತ್ತಿರುವ ಎಕ್ಸ್-ರೋಡ್ ಎಂಬ ಮಾಹಿತಿ ವಿನಿಮಯ ವ್ಯವಸ್ಥೆಯನ್ನು ಫಿನ್ಲೆಂಡ್ ಕೂಡ ಅಳವಡಿಸಿಕೊಂಡಾಗ, ಎರಡೂ ದೇಶಗಳು ಸೇರಿ 2017ರಲ್ಲಿ ಒಂದು ಜಂಟಿ ಸಂಸ್ಥೆ ಕಟ್ಟಿ ಅದರ ಮೂಲ ಕೋಡ್‌ನ ಹೊಣೆಯನ್ನು ಅದಕ್ಕೆ ವಹಿಸಿದವು. ನಿಮ್ಮದೇ ತಂತ್ರಾಂಶ ಬಳಸುವ ಬೇರೆ ಇಲಾಖೆಗಳು ಇದ್ದೇ ಇರುತ್ತವೆ. ಅವರನ್ನು ಹುಡುಕಿ.

ಸದಸ್ಯೆ 11: ಹೀಗೆ ಹೊರಗಿನ ಯೋಜನೆಗೆ ಪ್ಯಾಚ್ ಕಳಿಸುವ ನೌಕರರ ಕೆಲಸವನ್ನು ಸೇವಾ ದಾಖಲೆಯಲ್ಲಿ ಹೇಗೆ ತೋರಿಸುವುದು? ನಾನು ಎರಡು ವರ್ಷದಿಂದ ರಾತ್ರಿ ಕೂತು ಮಾಡುತ್ತಿದ್ದೇನೆ, ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ.

ಸದಸ್ಯರು 5: ಕೋಡ್ ಇಡುವ ತಾಣವಾದ ಗಿಟ್‌ಹಬ್ ಬಗ್ಗೆ ಇನ್ನೊಂದು ಸಂದೇಶ ಬಂದಿದೆ: “ಗಿಟ್‌ಹಬ್‌ನಲ್ಲಿರುವ ಕೋಡ್ ಎಲ್ಲವೂ ಉಚಿತ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಯಾವ ನಿಬಂಧನೆಯೂ ಇಲ್ಲ.”

ತಜ್ಞೆ: ತದ್ವಿರುದ್ಧ. ಲೈಸೆನ್ಸ್ ಇಲ್ಲದಿದ್ದರೆ ಎಲ್ಲ ಹಕ್ಕುಗಳೂ ಬರೆದವರಲ್ಲೇ ಉಳಿಯುತ್ತವೆ. ಅದನ್ನು ನಿಮ್ಮ ತಂತ್ರಾಂಶದಲ್ಲಿ ಸೇರಿಸಲು ನಿಮಗೆ ಅನುಮತಿಯೇ ಇಲ್ಲ. ಎಮ್‌ಐಟಿ, ಅಪಾಚೆ 2.0, ಜಿಪಿಎಲ್ ಎಂಬ ಲೈಸೆನ್ಸ್‌ಗಳಲ್ಲಿ ಪ್ರತಿಯೊಂದರ ನಿಬಂಧನೆಯೂ ಬೇರೆ ಬೇರೆ, ಓದಲೇಬೇಕು. ಯಾರು ಬರೆದರೆಂದು ಗೊತ್ತಿಲ್ಲದ ಸಂದೇಶಗಳನ್ನು ಇಲ್ಲಿ ಹಾಕುವುದನ್ನು ನಿಲ್ಲಿಸಿ. ಇಂಥದ್ದನ್ನು ನಂಬಿ ಕೆಲಸ ಮಾಡಿದ ನೌಕರರ ಮೇಲೆ ನಾಳೆ ವಿಚಾರಣೆ ನಡೆದರೆ ಸಂದೇಶ ಬರೆದವರು ಬಂದು ನಿಲ್ಲುವುದಿಲ್ಲ.

ಸದಸ್ಯರು 5: ತಿಳಿಯಲೆಂದು ಹಾಕಿದೆ. ಇಷ್ಟು ಗದರಬೇಕಿರಲಿಲ್ಲ.

ಸದಸ್ಯೆ 8: ಗದರಿದ್ದು ಕಡಿಮೆಯೇ ಆಯಿತು.

ಸದಸ್ಯರು 12: ಕೋಡ್ ಬಹಿರಂಗವಾದರೆ ಹ್ಯಾಕರ್‌ಗಳು...

ತಜ್ಞೆ: ಮೇಲೆ ನೋಡಿ.

ಸದಸ್ಯರು 7: ಮೇಡಂ, ಮೇಲೆ ನೋಡಿ ಎನ್ನುವಿರಿ. ಆದರೆ 2024ರಲ್ಲಿ ಕಡತ ಕುಗ್ಗಿಸುವ ಓಪನ್ ಸೋರ್ಸ್ ತಂತ್ರಾಂಶವಾದ ಎಕ್ಸ್‌ಜೆಡ್ ಪ್ರಕರಣದಲ್ಲಿ ನಿರ್ವಾಹಕರ ವಿಶ್ವಾಸ ಗಳಿಸಿದವರೇ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿಸಿದ್ದರಲ್ಲ, ಅದನ್ನು ನೀವು ಹೇಳಲೇ ಇಲ್ಲ.

ತಜ್ಞೆ: ನ್ಯಾಯವಾದ ಮಾತು, ಹೇಳಬೇಕಿತ್ತು. ಒಬ್ಬ ಎಂಜಿನಿಯರ್ ತಮ್ಮ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಬೆನ್ನಟ್ಟಿದ್ದರಿಂದ ಅದು ಹೊರಬಿತ್ತು, ಕೋಡ್ ತೆರೆದಿದ್ದರಿಂದ ಅವರು ಬೆನ್ನಟ್ಟಲು ಸಾಧ್ಯವಾಯಿತು. ಆದರೆ ಅಷ್ಟು ಜನ ನೆಚ್ಚಿಕೊಂಡ ಯೋಜನೆಯನ್ನು ದಣಿದ ಒಬ್ಬರೇ ನಿರ್ವಾಹಕರು ನಡೆಸುತ್ತಿದ್ದರು. ಹಿಂಬಾಗಿಲಿಗೆ ದಾರಿಯಾದದ್ದೇ ಅದು. ಸರ್ಕಾರಗಳು ಅಂಥ ಯೋಜನೆಗಳಿಗೆ ಹಣವನ್ನೂ ಜನರನ್ನೂ ಕೊಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಸವಲತ್ತು ವಿಭಾಗದ ಸದಸ್ಯೆ: ಮೇಡಂ, ಪಾಸ್‌ವರ್ಡ್ ಬದಲಾಯಿಸಿದೆವು. ಇತಿಹಾಸ ಜಾಲಾಡಿದಾಗ ಇನ್ನೂ ಮೂರು ಕೀಲಿಗಳು ಸಿಕ್ಕವು. ಎರಡನ್ನು ರದ್ದುಪಡಿಸಿದ್ದೇವೆ, ಮೂರನೆಯದು ಯಾವುದಕ್ಕೆ ಸೇರಿದ್ದೆಂದು ಗುತ್ತಿಗೆ ಸಂಸ್ಥೆಗೂ ತಿಳಿದಿಲ್ಲ. ಸೋಮವಾರದ ಗಡುವನ್ನು ಮುಖ್ಯಸ್ಥರು ಹದಿನೈದು ದಿನ ಮುಂದೂಡಿದ್ದಾರೆ.

ತಜ್ಞೆ: ಒಳ್ಳೆಯ ಕೆಲಸ ಮಾಡಿದ್ದೀರಿ. ಮೂರನೆಯದು ಬ್ಯಾಕಪ್ ಸರ್ವರ್‌ನದ್ದಾಗಿರಬಹುದು. ಅಲ್ಲಿಯ ಲಾಗ್‌ಗಳಲ್ಲಿ ಆ ಕೀಲಿಯ ಗುರುತನ್ನು ಹುಡುಕಿಸಿ. ಅದು ಯಾವುದಕ್ಕೆ ಸೇರಿದ್ದೆಂದು ತಿಳಿಯುವವರೆಗೆ, ಹದಿನೈದು ದಿನ ಕಳೆದರೂ, ಪ್ರಕಟಿಸಬೇಡಿ.