‘ಸಿನ್ಸ್’ ಹಾಕೋದಾ, ‘ಫಾರ್’ ಹಾಕೋದಾ?

ಪ್ರಶ್ನೆ: ಮೇಡಂ, ನೀವು ಇಂಗ್ಲಿಷ್ ಬರಹ ತಿದ್ದುವ ಕೆಲಸದಲ್ಲಿ ಇದ್ದೀರಿ ಅಂತ ಕೇಳ್ತಿದ್ದೀನಿ. ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಎಯ್ಟ್ ಇಯರ್ಸ್’ ಅಂತ ಬರೆದಿದ್ದೆ. ತಪ್ಪು ಅಂದಳು ಗೆಳತಿ. ಯಾಕೆ ಅಂತ ಅವಳಿಗೂ ಗೊತ್ತಿಲ್ಲ.

ಉತ್ತರ: ಗೆಳತಿ ಹೇಳಿದ್ದು ಸರಿ. ಇದು ಬಂದದ್ದು ನಮ್ಮ ‘ಇಂದ’ ಪ್ರತ್ಯಯದಿಂದ. ‘2016ರಿಂದ’ ಅನ್ನುತ್ತೇವೆ, ‘ಎಂಟು ವರ್ಷದಿಂದ’ ಅಂತಲೂ ಅನ್ನುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಅದೊಂದೇ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ಹೊತ್ತು ಹೇಳಿದರೆ ಸಿನ್ಸ್: ಸಿನ್ಸ್ 2016, ಸಿನ್ಸ್ ಮಂಡೇ. ಎಷ್ಟು ಕಾಲ ಅಂತ ಅಳತೆ ಹೇಳಿದರೆ ಫಾರ್: ಫಾರ್ ಎಯ್ಟ್ ಇಯರ್ಸ್.

ಅಷ್ಟು ತಿದ್ದಿದರೂ ವಾಕ್ಯ ಸರಿಯಾಗಲ್ಲ. ‘ಮಾಡ್ತಿದ್ದೀನಿ’ ಅನ್ನೋದು ತಲೆಯಲ್ಲಿರುತ್ತೆ ಅಲ್ವಾ, ಹಾಗಾಗಿ ‘ಆ್ಯಮ್ ವರ್ಕಿಂಗ್’ ಅಂತ ಬರೆದುಬಿಡುತ್ತೇವೆ. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಎಯ್ಟ್ ಇಯರ್ಸ್’ ಅಂತ ಬರೆಯಿರಿ. ಸುಮ್ನೆ ‘ವರ್ಕ್ಡ್’ ಅಂತ ಮಾತ್ರ ಹಾಕಬೇಡಿ. ಆ ಕೆಲಸ ಬಿಟ್ಟಾಗಿದೆ ಅಂತ ಓದಿದವರು ತಿಳಿಯುತ್ತಾರೆ.

ಪ್ರಶ್ನೆ: ‘ಡಿಸ್ಕಸ್ ಅಬೌಟ್’ ಕೂಡ ಇದೇ ಥರದ ತಪ್ಪಾ?

ಉತ್ತರ: ಹೌದು. ‘ಅದರ ಬಗ್ಗೆ ಚರ್ಚಿಸೋಣ’ ಅನ್ನುವಾಗಿನ ‘ಬಗ್ಗೆ’ ಅಲ್ಲಿ ನುಸುಳುತ್ತದೆ. ‘ಡಿಸ್ಕಸ್ ದ ಪ್ಲಾನ್’ ಅಂದರೆ ಮುಗಿಯಿತು. ಆದರೆ ‘ಡಿಸ್ಕಷನ್ ಅಬೌಟ್ ದ ಪ್ಲಾನ್’ ಸರಿ. ಡಿಸ್ಕಷನ್ ನಾಮಪದ, ಅದಕ್ಕೆ ಅಬೌಟ್ ಹೊಂದುತ್ತದೆ.

ಪ್ರಶ್ನೆ (ಇನ್ನೊಬ್ಬರದು): ಪಟ್ಟಿಯಲ್ಲಿ ‘ಆ್ಯಂಡ್’ಗೆ ಮುಂಚೆ ಕಾಮಾ ಹಾಕಬೇಕಾ ಮೇಡಂ?

ಉತ್ತರ: ಎರಡು ರೂಢಿಯೂ ಇವೆ. ಅಮೆರಿಕದ ಪುಸ್ತಕಗಳಲ್ಲಿ ಜಾಸ್ತಿ ಹಾಕುತ್ತಾರೆ, ಬ್ರಿಟನ್ನಿನ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ. ನಾನು ಹಾಕುವವಳು. ಅಮೆರಿಕದ ಮೇನ್ ರಾಜ್ಯದ ಕಾನೂನೊಂದರಲ್ಲಿ ಓವರ್‌ಟೈಮ್ ಸಂಬಳ ಇಲ್ಲದ ಕೆಲಸಗಳ ಪಟ್ಟಿ ಇತ್ತು. ಅದರ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತ ಬರೆದಿತ್ತು. ‘ಆರ್’ಗೆ ಮುಂಚೆ ಕಾಮಾ ಇರಲಿಲ್ಲ. ಹಾಗಾದರೆ ಸರಕು ಹಂಚುವುದು ಬೇರೆ ಕೆಲಸವಾ, ಇಲ್ಲ ಹಂಚುವುದಕ್ಕಾಗಿ ಪ್ಯಾಕ್ ಮಾಡುವುದಷ್ಟೇನಾ? ಅಲ್ಲಿನ ಒಂದು ಹಾಲಿನ ಕಂಪನಿಯ ಲಾರಿ ಚಾಲಕರು ಪ್ಯಾಕ್ ಮಾಡುತ್ತಿರಲಿಲ್ಲ, ಹಂಚುತ್ತಿದ್ದರು. ಹಂಚುವುದು ಆ ಪಟ್ಟಿಯಲ್ಲಿಲ್ಲ, ನಮಗೆ ಓವರ್‌ಟೈಮ್ ಕೊಡಿ ಅಂತ ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅರ್ಥ ಎರಡಾಗುವ ಜಾಗದಲ್ಲಂತೂ ಕಾಮಾ ಬಿಡಬೇಡಿ.

ಪ್ರಶ್ನೆ: ‘ಇಟ್ಸ್’ನಲ್ಲಿ ಅಪಾಸ್ಟ್ರಫಿ (’ ಗುರುತು) ಯಾವಾಗ?

ಉತ್ತರ: ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ಅರ್ಥ ಕೂಡಿದರೆ ಹಾಕಿ. ‘ಅದರ’ ಅನ್ನುವ ಅರ್ಥಕ್ಕೆ ಬೇಡ. ‘ಹಿಸ್’, ‘ಹರ್’ಗಳಿಗೂ ಇಲ್ಲವಲ್ಲ, ಹಾಗೇ ಇದಕ್ಕೂ.